ಮಿಷಿನ್ನಿಗೆ ಹಚ್ಚಿದ ದೀಪ

ಹೊಂಗನೂರಿನ ನಮ್ಮ ರೇಷ್ಮೆ ಹುಳುವಿನ ಮನೆಗೆ, ಚಳಿಯಾದರೆ ತಾನೇ ಹೀಟರ್ ಹಾಕಿ, ಬಿಸಿಯಾದರೆ ತಾನೇ ಆರಿಸುವ ಮಿಷಿನ್ ತಂದೆವು. ಊದಿನಕಡ್ಡಿಯ ಹೊಗೆ ಹುಳುವಿಗೆ ಆಗದೆಂದು ನನ್ನಾಕೆ ಅದಕ್ಕೆ ಕುಂಕುಮವಿಟ್ಟು, ಕೆಳಗೆ ಎಣ್ಣೆ ತುಂಬಿದ ದೀಪವನ್ನಷ್ಟೇ ಹಚ್ಚಿದಳು. ಬೆಳಿಗ್ಗೆ ನೋಡಿದರೆ ಹೀಟರ್ ತಣ್ಣಗಿತ್ತು. ಹುಳುಗಳು ಸೊಪ್ಪು ಮುಟ್ಟದೆ ಮಂಕಾಗಿದ್ದವು. ಬೆಳೆ ಹೋಯಿತೆಂದೇ ಎಣಿಸಿದೆ.

ಮಿಷಿನ್ ಕೂರಿಸಿದ್ದ ಮೆಕ್ಯಾನಿಕ್ ಬಂದು ನೋಡಿ ನಕ್ಕ. "ಅಣ್ಣ, ಇದಕ್ಕೆ ಮನೆಯೆಲ್ಲಾ ಕಾಣಾಕಿಲ್ಲ. ಕೆಳಗಡೆ ಕಾವು ನೋಡೋ ಈ ಸೆನ್ಸರ್ ಹೇಳಿದ್ದೇ ನಿಜ. ದೀಪದ ಕಾವಿಗೆ ಬ್ಯಾಸಿಗೆ ಬಂತು ಅಂದ್ಕೊಂಡೈತೆ."

"ದ್ಯಾವ್ರ ದೀಪ ಆರ್ಸು ಅಂತೀಯೇನಪ್ಪಾ?" ಅಂದಳು ನನ್ನಾಕೆ.

"ಆರ್ಸ್ಬ್ಯಾಡಿ ಅಕ್ಕ, ಒಸಿ ದೂರ ಇಡಿ."

ಸಂಜೆಗೆ ಮನೆ ಬೆಚ್ಚಗಾಗಿ, ಹುಳುಗಳು ಸೊಪ್ಪು ಮೇಯುವ ಸದ್ದು ಮತ್ತೆ ಕೇಳಿತು. ಕೈ ಮುಗಿದೆ. ದೀಪ ಈಗ ಬಾಗಿಲ ಹೊರಗೆ ಉರಿಯುತ್ತದೆ. ಮಿಷಿನ್ನಿಗೆ ಕುಂಕುಮ ಮಾತ್ರ. ಬಿಸಿಯಿಲ್ಲದ ಪೂಜೆಗೆ ಅದರ ತಕರಾರೇನೂ ಇಲ್ಲ.