ಸಾರ್ಜೆಂಟ್ ಬ್ಯೂಲಾಳ ಕೈಕೆಳಗಿನವನು

ಇಡೀ ಮಿಸೂರಿ ರಾಜ್ಯದಲ್ಲಿ ಸರ್ಕಾರದ ಜೊತೆ ವಾದ ಮಾಡಿ ಗೆಲ್ಲುವುದರಲ್ಲಿ ನನ್ನ ಸಮಾನ ಇನ್ನೊಬ್ಬನಿಲ್ಲ. ಕಾಲ್ಡರ್ ಸ್ಪ್ರಿಂಗ್ ಎಂಬ ನಮ್ಮ ಊರಿನ ಮಾಜಿ ಸೈನಿಕರ ಸಂಘದ ಹಾಲ್‌ನಲ್ಲಿ ಕಾಗದಪತ್ರದ ಕೆಲಸವೆಲ್ಲ ನನ್ನದು. ಕೊರಿಯಾದಲ್ಲಿ ಒಂದು ಕಾಲು ಕಳಕೊಂಡವನಿಗೆ ಎರಡು ಕಾಲಿನ ಪಿಂಚಣಿ ಕೊಡಿಸಿದ್ದೇನೆ. ಕಿವುಡನೆಂದು ಅರ್ಜಿ ಹಾಕಿದ ಹ್ಯೂಬರ್ಟ್‌ಗೆ ಪಿಂಚಣಿ ಮಂಜೂರಾದ ಸುದ್ದಿಯನ್ನು ಮೂರು ಕೋಣೆ ಆಚೆ ಯಾರೋ ಪಿಸುಗುಟ್ಟಿದರೂ ಅವನಿಗೆ ಕೇಳಿಸಿತು. ನಾನು ಪೆನ್ನಿನ ಮುಚ್ಚಳ ತೆಗೆದರೆ ವಾಷಿಂಗ್ಟನ್ನಿನಲ್ಲಿ ಕಿಟಕಿ ಮುಚ್ಚಿಕೊಳ್ಳುತ್ತಾರೆ. ಲೋವೆಲ್ ಕ್ರೆನ್ಷಾನ ಬಿಡುಗಡೆ ಪತ್ರವನ್ನು ಸರಿ ಮಾಡಿಸಿದವನೂ ಈ ವರ್ಜಿಲ್ ಹ್ಯಾಚರನೇ. ಊರಲ್ಲಿ ಯಾರನ್ನು ಬೇಕಾದರೂ ಕೇಳಿ. ಕೇಳುವಾಗ ಲೋವೆಲ್ ಹತ್ತಿರದಲ್ಲಿ ಇಲ್ಲದಿದ್ದರೆ ಸಾಕು.

ಲೋವೆಲ್ ಎಂದರೆ ಆರೂವರೆ ಅಡಿ ಎತ್ತರದ ಮೌನ. ಸೋಮವಾರ ‘ಹಲೋ’ ಎಂದು ಶುರುಮಾಡಿದರೆ ಮುಗಿಸುವಷ್ಟರಲ್ಲಿ ಬುಧವಾರ. ಟ್ರ್ಯಾಕ್ಟರ್ ರಿಪೇರಿ ಅವನ ಕಸುಬು. ನಮ್ಮ ಹಾಲ್‌ನ ಸೂರು ಸೋರಿದಾಗ ಮೇಲೆ ಹತ್ತಿ ತಗಡು ಹೊದಿಸಿದವನು ಅವನು. ಪ್ರತಿ ಶುಕ್ರವಾರ ಮೆಕ್ಕೆಜೋಳದ ಹಿಟ್ಟಿನಲ್ಲಿ ಹೊರಳಿಸಿ ಕ್ಯಾಟ್‌ಫಿಶ್ ಕರಿಯುವವನೂ ಅವನೇ. ಆ ಬಾಣಲೆಯ ವಾಸನೆಗೆ ಹೊಳೆಯ ಮೀನುಗಳು ತಾವಾಗಿಯೇ ದಡ ಹತ್ತಿ ಹಿಂಬಾಗಿಲಲ್ಲಿ ಸಾಲು ನಿಲ್ಲುತ್ತವೆ. ಇಷ್ಟೆಲ್ಲ ಮಾಡಿದರೂ, ಬಾಗಿಲಲ್ಲಿಟ್ಟ ಪುಸ್ತಕದಲ್ಲಿ ‘ಅತಿಥಿ’ ಎಂದು ಬರೆಸಿಕೊಂಡು, ಯಾರಾದರೂ ಸದಸ್ಯರು ಅವನ ಪರವಾಗಿ ಸಹಿ ಹಾಕಿದ ಮೇಲೆಯೇ ಅವನು ಒಳಗೆ ಬರಬೇಕಿತ್ತು. ನವೆಂಬರ್ ಹನ್ನೊಂದು, ಮಾಜಿ ಸೈನಿಕರ ದಿನದ ಮೆರವಣಿಗೆಯಲ್ಲಿ ನಾವೆಲ್ಲ ಟೋಪಿ ಏರಿಸಿಕೊಂಡು, ಹೊಟ್ಟೆ ಒಳಗೆ ಎಳೆದುಕೊಂಡು ನಡೆದರೆ, ಅವನು ಅಡುಗೆಮನೆಯ ಕಿಟಕಿಯಿಂದ ನೋಡುತ್ತ ನಮಗೆ ಕಾಫಿ ಕಾಯಿಸುತ್ತಿದ್ದ.

ಏಕೆಂದರೆ ಅವನ ಕಾಗದದಲ್ಲಿ ‘ಗೌರವಯುತವಲ್ಲದ ಬಿಡುಗಡೆ’ ಎಂದಿತ್ತು. ಅಂಥ ಕಾಗದದವನು ಸಂಘದ ಸದಸ್ಯನಾಗುವಂತಿಲ್ಲ. ಅವನಿಗೆ ಬೇಕಾಗಿದ್ದದ್ದೂ ಅಷ್ಟೇ: ಆ ಒಂದು ಮಾತು ಅಳಿಸಬೇಕು, ಎಲ್ಲರ ಜೊತೆ ಬೀದಿಯಲ್ಲಿ ನಡೆಯಬೇಕು.

ಆ ಮಾತು ಬಿದ್ದದ್ದು ಒಂದು ಹೇಸರಗತ್ತೆಯ ದೆಸೆಯಿಂದ. ಲೋವೆಲ್ ಇದ್ದ ಫಿರಂಗಿ ಪಡೆಯಲ್ಲಿ ಬ್ಯೂಲಾ ಎಂಬ ಹೇಸರಗತ್ತೆ ಇತ್ತು. ಹಬ್ಬದ ಕವಾಯತಿನಲ್ಲಿ ಕೆಂಪು ಹೊದಿಕೆ ಹೊದ್ದು ಪಡೆಯ ಮುಂದೆ ನಡೆಯುವುದಷ್ಟೇ ಅದರ ಉದ್ಯೋಗ. ಇಂಥ ಪ್ರಾಣಿಗಳ ವಿಷಯದಲ್ಲಿ ಸೈನ್ಯದ ಹಳೇ ಪದ್ಧತಿಯೊಂದಿದೆ. ಅವನ್ನು ನೋಡಿಕೊಳ್ಳುವವನಿಗಿಂತ ಅವಕ್ಕೆ ಒಂದು ದರ್ಜೆ ಮೇಲಿನ ಹುದ್ದೆ ಕೊಡುತ್ತಾರೆ. ಸಿಟ್ಟು ಬಂದು ಹೊಡೆದರೆ ಮೇಲಧಿಕಾರಿಗೆ ಹೊಡೆದಂತೆ, ನೇರ ಜೈಲು. ಲೋವೆಲ್ ಕಾರ್ಪೊರಲ್ ಆದ ದಿನವೇ ಬ್ಯೂಲಾಳನ್ನು ಸಾರ್ಜೆಂಟ್ ಮಾಡಿ, ಇಡೀ ಪಡೆಯ ಮುಂದೆ ಆದೇಶ ಓದಿದರು. ಲೋವೆಲ್ ಬೆಳಗಾದರೆ ಸೆಲ್ಯೂಟ್ ಹೊಡೆದೇ ಅದಕ್ಕೆ ಹುಲ್ಲು ಹಾಕುತ್ತಿದ್ದ.

ಎಪ್ಪತ್ನಾಲ್ಕರಲ್ಲಿ ಹೊಸ ಕಮಾಂಡರ್ ಬಂದ. ಪ್ರಾಣಿಗೆ ವಯಸ್ಸಾಯಿತು, ನಾಯಿ ತಿನಿಸು ಮಾಡುವವರಿಗೆ ಹರಾಜು ಹಾಕಿ ಎಂದ. ಹರಾಜಿನ ಹಿಂದಿನ ದಿನ ಲೋವೆಲ್ ಬ್ಯೂಲಾಳ ಹಗ್ಗ ಹಿಡಿದು ಹಗಲು ಹೊತ್ತಿನಲ್ಲೇ ಗೇಟು ದಾಟಿದ. ಕಾವಲಿನವನು ಸಾರ್ಜೆಂಟ್‌ಗೆ ದಾರಿ ಬಿಟ್ಟ. ಕಾನ್ಸಾಸಿನ ಬಯಲಿನಿಂದ ಓಝಾರ್ಕ್ ಬೆಟ್ಟದಲ್ಲಿರುವ ತಾತನ ಹೊಲದವರೆಗೆ ಇಬ್ಬರೂ ನಡೆದೇ ಬಂದರು. ಅವನ ಬೂಟು ಸವೆದು ಸವೆದು ಕೊನೆಗೆ ಬರೀ ಲೇಸಿನ ಮೇಲೆ ನಡೆದನಂತೆ. ಬ್ಯೂಲಾಳನ್ನು ಕೊಟ್ಟಿಗೆಗೆ ಸೇರಿಸಿ, ತಾತನಿಗೆ ಮೇವಿನ ವಿಷಯ ಹೇಳಿ, ಬಸ್ಸು ಹತ್ತಿ ವಾಪಸು ಹೋಗಿ ತಾನಾಗಿಯೇ ಹಾಜರಾದ.

ಸೈನ್ಯದವರು ಇವನ ಮುಂದೆ ಎರಡು ದಾರಿ ಇಟ್ಟರು: ಕೋರ್ಟ್ ಮಾರ್ಷಲ್, ಇಲ್ಲವೇ ಸಹಿ ಹಾಕಿ ಕೆಟ್ಟ ಕಾಗದ ತೆಗೆದುಕೊಂಡು ಮನೆಗೆ. ಪಕ್ಕದ ಮಂಚದವನು, “ಹಾಕೋ ಮಾರಾಯ, ಆರು ತಿಂಗಳಾದ್ಮೇಲೆ ಅದು ತಾನಾಗೇ ಒಳ್ಳೇದಾಗುತ್ತೆ” ಎಂದ. ನಮ್ಮ ಸೈನ್ಯದಲ್ಲಿ ಈ ಸುಳ್ಳನ್ನು ನಂಬಿ ಸಹಿ ಹಾಕಿದವರನ್ನೆಲ್ಲ ಸಾಲಾಗಿ ನಿಲ್ಲಿಸಿದರೆ ಸಾಲಿನ ಬಾಲ ಮೆಕ್ಸಿಕೋ ಮುಟ್ಟುತ್ತದೆ. ಲೋವೆಲ್ ಸಹಿ ಹಾಕಿದ. ಆರು ತಿಂಗಳು ಕಾದು, ಕ್ಷೌರ ಮಾಡಿಸಿಕೊಂಡು, ಇಸ್ತ್ರಿ ಅಂಗಿ ಹಾಕಿ, ಸದಸ್ಯನಾಗಲು ನಮ್ಮ ಹಾಲ್‌ಗೆ ಬಂದ. ಕಾಗದ ನೋಡಿದವರು ನಕ್ಕರು. ಅವನು ಅಡುಗೆಮನೆಗೆ ಹೋಗಿ ಪಾತ್ರೆ ತೊಳೆದ. ಅಲ್ಲೇ ಉಳಿದ.

ಅವನನ್ನು ಅಲ್ಲಿಂದ ಎಬ್ಬಿಸಿದವಳು ಜೆನೀವಾ ಪೂಲ್. ವಾಯುಪಡೆಯಲ್ಲಿ ನರ್ಸ್ ಆಗಿದ್ದವಳು. ನಮ್ಮ ಸಂಘಕ್ಕೆ ಅಧ್ಯಕ್ಷೆಯಾದ ವಾರವೇ ಬಾಣಲೆಯ ಮುಂದೆ ಹೋಗಿ ಸೊಂಟದ ಮೇಲೆ ಕೈಯಿಟ್ಟು ನಿಂತಳು.

“ಏನೋ ಲೋವೆಲ್, ಇನ್ನೂ ಎಷ್ಟು ವರ್ಷ ಅತಿಥಿ ಆಗಿರ್ತೀಯ? ನನ್ನ ಎರಡನೇ ಗಂಡನೂ ನಮ್ಮನೇಲಿ ಇಷ್ಟು ದಿನ ಇರ್ಲಿಲ್ಲ.”

“ತಾನಾಗೇ ಸರಿಹೋಗುತ್ತೆ ಅಂದಿದ್ರು ಮೇಡಂ.”

“ತಾನಾಗೇ ಸರಿಹೋಗೋದು ನೆಗಡಿ ಕಣೋ, ಕಾಗದ ಅಲ್ಲ. ಹದಿನೈದು ವರ್ಷದೊಳಗೆ ಮಂಡಳಿ ಮುಂದೆ ಹೋಗಿ ಕೇಳ್ಬೇಕು. ಈ ವಸಂತ ಕಳೆದ್ರೆ ಅದೂ ಮುಗೀತು. ವರ್ಜಿಲ್! ಎಲ್ಲಿದ್ದೀಯೋ ಮುದುಕ? ಪೆನ್ನು ತಗೊಂಡು ಬಾ!”

ನಾನು ಬರೆದೆ. ಬರೆದ ರಭಸಕ್ಕೆ ಮೇಜಿನಿಂದ ಹೊಗೆ ಬಂತು. ಸೈನ್ಯದ ಪರಿಶೀಲನಾ ಮಂಡಳಿಯವರು ಊರೂರು ಸುತ್ತುತ್ತ ಏಪ್ರಿಲ್‌ನಲ್ಲಿ ಸೇಂಟ್ ಲೂಯಿಸ್‌ಗೆ ಬರುತ್ತಾರೆ, ಬಂದು ನಿಮ್ಮ ಮಾತು ಹೇಳಿ ಎಂದು ಉತ್ತರ ಬಂತು. ಊರಿಗೆ ಊರೇ ಕುದಿಯತೊಡಗಿತು. ಕ್ಷೌರದಂಗಡಿಯವನು ಲೋವೆಲ್‌ನ ತಲೆಯನ್ನು ಒಂದೇ ವಾರದಲ್ಲಿ ಎರಡು ಸಲ ಕತ್ತರಿಸಿದ. ಚರ್ಚಿನ ಹೆಂಗಸರು ಟೈ ಕೊಡಿಸಿದರು. ನಾನು ಬರೆದ ಭಾಷಣ ಎಷ್ಟು ದಪ್ಪವಿತ್ತೆಂದರೆ, ಅದನ್ನು ಎತ್ತುವಾಗ ಎರಡೂ ಮಂಡಿಗಳು ಕಟಕ್ಕೆಂದವು.

ಹೊರಡುವ ದಿನ ಲೋವೆಲ್ ತನ್ನ ಪಿಕಪ್ ತಂದ. ಹಿಂದೆ ಟ್ರೇಲರ್. ಟ್ರೇಲರಿನಲ್ಲಿ ಬ್ಯೂಲಾ. ಆಗಲೇ ಮೂವತ್ತು ದಾಟಿದ ಮುದುಕಿ, ಮೂತಿಯೆಲ್ಲ ಬೆಳ್ಳಗೆ.

“ಇದ್ಯಾಕಪ್ಪಾ?” ಎಂದೆ.

“ಬೇರೆ ಯಾರ ಕೈಯಲ್ಲೂ ತಿನ್ನಲ್ಲ ಮಿಸ್ಟರ್ ವರ್ಜಿಲ್.”

“ಕದ್ದ ಮಾಲು ಜೊತೇಲಿಟ್ಕೊಂಡು ನ್ಯಾಯ ಕೇಳೋಕೆ ಹೋಗೋನು ನೀನೊಬ್ಬನೇ ಕಣೋ!” ಎಂದು ಜೆನೀವಾ ಬಿದ್ದು ಬಿದ್ದು ನಕ್ಕಳು. ನಕ್ಕವಳೇ ಪಕ್ಕದ ಸೀಟು ಹತ್ತಿ ಕುಳಿತಳು.

ದಾರಿಯುದ್ದಕ್ಕೂ ಅವನಿಗೆ ಪಾಠ ಹೇಳಿಕೊಟ್ಟೆ. “ಪಶ್ಚಾತ್ತಾಪ ಇದೆಯಾ ಅಂತ ಕೇಳ್ತಾರೆ. ‘ಬಹಳ ಇದೆ’ ಅನ್ನು. ಎಲ್ಲಿ, ಅನ್ನು ನೋಡೋಣ.”

“ಹೂಂ” ಎಂದ ಲೋವೆಲ್.

“ಹೂಂ ಅಲ್ಲ ಮಾರಾಯ, ‘ಬಹಳ ಇದೆ’!”

ಮಂಡಳಿ ಕೂತದ್ದು ಒಂದು ಎತ್ತರದ ಕಟ್ಟಡದ ಮೂರನೇ ಮಹಡಿಯಲ್ಲಿ. ಹಸಿರು ಬಟ್ಟೆಯ ಮೇಜಿನ ಹಿಂದೆ ಐದು ಜನ ಅಧಿಕಾರಿಗಳು. ನಡುವೆ ನರೆತ ಕೂದಲಿನ ಕರ್ನಲ್ ಒಬ್ಬಾಕೆ, ಆಕೆಯೇ ಮುಖ್ಯಸ್ಥೆ. ತುದಿಯಲ್ಲಿ ಕಾನೂನು ಓದಿದ ಸಪೂರ ಮುಖದ ಮೇಜರ್. ಲೋವೆಲ್‌ನ ಕೊರಳಲ್ಲಿ ಚರ್ಚಿನ ಹೆಂಗಸರ ಟೈ. ನಾನು ಭಾಷಣ ಎತ್ತಿಕೊಂಡೆ. ಎದ್ದು ನಿಂತೆ.

“ಮಾನ್ಯರೇ, ಬ್ಯೂಲಾ ಸಾರ್ಜೆಂಟ್. ಈತ ಕಾರ್ಪೊರಲ್. ಸಾರ್ಜೆಂಟ್ ಗೇಟಿಂದ ಆಚೆ ಹೊರಟ್ರು, ಕಾರ್ಪೊರಲ್ ಹಿಂದೆ ಹೋದ. ಮೇಲಧಿಕಾರಿ ಹಿಂದೆ ಹೋಗೋದು ಯಾವತ್ತಿಂದ ಅಪರಾಧ ಆಯ್ತು?”

ಮೇಜಿಗೆ ಗುದ್ದಿ ಸುತ್ತ ನೋಡಿದೆ. ಚಪ್ಪಾಳೆ ಬೀಳಲಿಲ್ಲ. ಸಪೂರ ಮೇಜರ್ ಕನ್ನಡಕ ಒರೆಸಿಕೊಂಡ.

“ಅಂದ್ರೆ ಸಾರ್ಜೆಂಟ್ ಸೈನ್ಯ ಬಿಟ್ಟು ಓಡಿಹೋದ್ರು, ಅವರಿಗೆ ಇವರು ಸಹಾಯ ಮಾಡಿದ್ರು ಅಂತೀರ. ಇಷ್ಟೊತ್ತು ಇವರು ರಜೆ ಕೇಳ್ದೆ ಹೋದ್ರು ಅಂದ್ಕೊಂಡಿದ್ವಿ. ನೀವು ಇನ್ನೊಂದು ತಪ್ಪು ಸೇರಿಸಿಕೊಟ್ರಿ. ಮುಂದುವರಿಸ್ತೀರಾ?”

ಜೆನೀವಾ ನನ್ನ ಕೋಟು ಜಗ್ಗಿದಳು. “ಕೂತ್ಕೊಳ್ಳೋ. ಇನ್ನೆರಡು ಮಾತಾಡಿದ್ರೆ ಗಲ್ಲಿಗೆ ಹಾಕಿಸ್ತೀಯ.”

ಕೂತೆ. ಭಾಷಣ ತೊಡೆಯ ಮೇಲೆ ಬಂಡೆಯಂತೆ ಕೂತಿತು. ಕರ್ನಲ್ ಲೋವೆಲ್ ಕಡೆ ತಿರುಗಿದರು.

“ಮಿಸ್ಟರ್ ಕ್ರೆನ್ಷಾ, ಯಾರೂ ನಿಮ್ಮನ್ನ ಹಿಡಿದಿರ್ಲಿಲ್ಲ. ವಾಪಸ್ ಯಾಕೆ ಬಂದ್ರಿ?”

ಲೋವೆಲ್ ಬಾಯಿ ತೆರೆಯುವಷ್ಟರಲ್ಲಿ ಕೆಳಗೆ ಬೀದಿಯಲ್ಲಿ ಎರಡು ಬಸ್ಸು ಬಂದು ಹೋದವು.

“ಬ್ಯೂಲಾ ಕೆಲಸ ಮುಗಿದಿತ್ತು ಮೇಡಂ. ನಂದು ಮುಗಿದಿರ್ಲಿಲ್ಲ.”

“ಪಶ್ಚಾತ್ತಾಪ ಇದೆಯಾ?”

ನಾನು ಕಣ್ಣಲ್ಲೇ ‘ಬಹಳ, ಬಹಳ’ ಎಂದು ಕೂಗಿದೆ.

“ಹೇಳ್ದೆ ಹೋಗಿದ್ದಕ್ಕೆ ಇದೆ. ಹೋಗಿದ್ದಕ್ಕೆ ಇಲ್ಲ.”

ಸತ್ತೆವು ಎಂದುಕೊಂಡೆ. ಸಪೂರ ಮೇಜರ್ ಏನೋ ಗೀಚಿಕೊಂಡ. ಕರ್ನಲ್ ಮಾತ್ರ ಮುಖದಲ್ಲಿ ಏನೂ ತೋರಿಸದೆ ಕೇಳಿದರು: “ಆ ಪ್ರಾಣಿ ಕೊನೆಗೆ ಏನಾಯ್ತು?”

“ಕೆಳಗಿದೆ ಮೇಡಂ. ಪಾರ್ಕಿಂಗ್‌ನಲ್ಲಿ.”

ಐದೂ ಕುರ್ಚಿಗಳು ಒಟ್ಟಿಗೆ ಕಿರುಗುಟ್ಟಿದವು. ಲೋವೆಲ್ ಎದ್ದು ನಿಂತ. ಅವನ ಜೀವಮಾನದ ಅತಿ ಉದ್ದದ ಭಾಷಣ ಹೊರಬಂತು.

“ಸರ್ಕಾರದ ಆಸ್ತಿ ಕದ್ದೆ ಅಂತ ನಾನೇ ಸಹಿ ಹಾಕಿದೀನಿ. ಕದ್ದಿದ್ದು ಅಂದ್ಮೇಲೆ ವಾಪಸ್ ಕೊಡ್ಬೇಕಲ್ವಾ. ಸೈನ್ಯಕ್ಕೆ ಬೇಕು ಅಂದ್ರೆ ತಗೊಳ್ಳಿ. ಹಲ್ಲಿಲ್ಲ, ಹುಲ್ಲು ನೆನೆಸಿ ಕೊಡ್ಬೇಕು. ಗುಡುಗಿದ್ರೆ ಯಾರಾದ್ರೂ ಪಕ್ಕದಲ್ಲಿ ನಿಂತ್ಕೋಬೇಕು. ಅಷ್ಟು ಮಾಡೋರಿದ್ರೆ ಕೊಡ್ತೀನಿ.”

ಕರ್ನಲ್ ಟೋಪಿ ಎತ್ತಿಕೊಂಡರು. “ಹತ್ತು ನಿಮಿಷ ವಿರಾಮ” ಎಂದವರೇ ಮೆಟ್ಟಿಲಿನ ಕಡೆ ನಡೆದರು. ಹಿಂದೆ ನಾಲ್ವರು ಅಧಿಕಾರಿಗಳು, ಅವರ ಹಿಂದೆ ನಾವು, ನಮ್ಮ ಹಿಂದೆ ಟೈಪಿಸ್ಟು, ಅವಳ ಹಿಂದೆ ಬೇರೆ ಮಹಡಿಗಳಿಂದ ಸುದ್ದಿ ಕೇಳಿ ಬಂದ ಅರ್ಧ ಸೇಂಟ್ ಲೂಯಿಸ್.

ಕೆಳಗೆ ಟ್ರೇಲರಿನ ಮುಂದೆ ಒಬ್ಬ ಪೊಲೀಸ್ ನಿಂತು, ಹೇಸರಗತ್ತೆಗೆ ಯಾವ ದಂಡ ಹಾಕಬೇಕೆಂದು ತಲೆ ಕೆರೆದುಕೊಳ್ಳುತ್ತಿದ್ದ. ಲೋವೆಲ್ ಬಾಗಿಲು ತೆಗೆದು ಬ್ಯೂಲಾಳನ್ನು ಇಳಿಸಿದ; ಇಳಿಸಿ, ದಿನವೂ ಮಾಡುವಂತೆ ನೆಟ್ಟಗೆ ನಿಂತು ಸೆಲ್ಯೂಟ್ ಹೊಡೆದ. ತಮಾಷೆಗಲ್ಲ. ಅವನ ಮುಖ ನೋಡಿ ಯಾರೂ ನಗಲಿಲ್ಲ. ಬ್ಯೂಲಾ ಒಮ್ಮೆ ಎಲ್ಲರನ್ನೂ ತಪಾಸಣೆ ಮಾಡಿದಂತೆ ನೋಡಿ, ನನ್ನ ಹತ್ತಿರ ಬಂದು, ಕಂಕುಳಲ್ಲಿದ್ದ ಭಾಷಣದ ಮೊದಲ ಹತ್ತು ಹಾಳೆ ಕಿತ್ತು, ಹಲ್ಲಿಲ್ಲದ ಬಾಯಲ್ಲಿ ನೆಮ್ಮದಿಯಾಗಿ ಚಪ್ಪರಿಸತೊಡಗಿತು.

“ನಿಮ್ಮ ವಾದ ಸಾರ್ಜೆಂಟ್‌ಗೂ ಒಪ್ಪಿಗೆ ಇದ್ದ ಹಾಗಿಲ್ಲ” ಎಂದ ಸಪೂರ ಮೇಜರ್. ಆಗ ನೋಡಿ, ಬೀದಿಯೇ ಸ್ಫೋಟಿಸಿದಂತೆ ನಗು. ಪೊಲೀಸಿನವನು ನಕ್ಕು ನಕ್ಕು ನನ್ನ ಮೇಲೆಯೇ ಒರಗಿದ.

ಕರ್ನಲ್ ಬ್ಯೂಲಾಳ ಕುತ್ತಿಗೆಯ ಮೇಲೆ ಕೈಯಾಡಿಸಿದರು. ಗೊರಸು ಎತ್ತಿ ನೋಡಿದರು. ನುಣ್ಣಗೆ ಕತ್ತರಿಸಿ ಎಣ್ಣೆ ಹಚ್ಚಿದ್ದ ಗೊರಸು.

“ಮಿಸ್ಟರ್ ಕ್ರೆನ್ಷಾ, ಸಾರ್ಜೆಂಟ್ ನಿವೃತ್ತರಾಗಿದ್ದಾರೆ. ನಿವೃತ್ತರನ್ನ ಮತ್ತೆ ಕೆಲಸಕ್ಕೆ ಕರೆಯೋ ಅಧಿಕಾರ ನಮ್ಮ ಮಂಡಳಿಗಿಲ್ಲ. ಮನೆಗೆ ಕರ್ಕೊಂಡು ಹೋಗಿ. ನಿಮ್ಮ ವಿಷಯ ನಾವು ಕೂತು ಮತ ಹಾಕ್ತೀವಿ. ಅಂಚೇಲಿ ತಿಳಿಸ್ತೀವಿ.”

ಆಮೇಲಿನ ಕಾಯುವಿಕೆಯಲ್ಲಿ ನಮ್ಮೂರಿನ ಅಂಚೆಯವನು ಹದಿನೆಂಟು ಪೌಂಡು ಇಳಿದ. ಗೇಟು ಗೇಟಿನಲ್ಲೂ ಅವನನ್ನು ನಿಲ್ಲಿಸಿ ಚೀಲ ತಡಕುವವರೇ. ಕೊನೆಗೆ ಒಂದು ಶುಕ್ರವಾರ, ಬಾಣಲೆ ಕಾದು ಮೀನು ಬಿದ್ದ ಹೊತ್ತಿಗೆ ಅವನು ಲಕೋಟೆ ತಲೆಯ ಮೇಲೆ ಎತ್ತಿ ಹಿಡಿದು ಹಾಲ್‌ನೊಳಗೆ ಓಡಿಬಂದ.

ಲೋವೆಲ್‌ನ ಕೈಯೆಲ್ಲ ಹಿಟ್ಟು. “ನೀವೇ ಓದಿ ಮೇಡಂ” ಎಂದು ಬಾಣಲೆ ಕಡೆ ಮುಖ ಮಾಡಿ ನಿಂತ. ಜೆನೀವಾ ಲಕೋಟೆ ಹರಿದಳು. ಓದಿದಳು, ಮತ್ತೆ ಮೊದಲಿಂದ ಓದಿದಳು. ಜಗತ್ತು ಹುಟ್ಟಿದ ಮೇಲೆ ಜೆನೀವಾಗೆ ಮಾತು ಬಾರದೆ ಇದ್ದದ್ದು ಅದೇ ಮೊದಲು. ಆಮೇಲೆ ಸೂರಿನ ತಗಡು ಹಾರುವಂತೆ ಕಿರುಚಿದಳು:

“ಗೌರವಯುತ! ನಾಲ್ಕು ಮತ ನಿನ್ನ ಕಡೆ, ಒಂದು ವಿರುದ್ಧ. ಅರ್ಧಂಬರ್ಧದ ‘ಸಾಧಾರಣ ಬಿಡುಗಡೆ’ ಅಲ್ಲ ಕಣೋ, ಪೂರ್ತಿ ಗೌರವಯುತ!”

ಕುರ್ಚಿಗಳು ಉರುಳಿದವು. ಹ್ಯೂಬರ್ಟ್ ಪಿಯಾನೋ ಮೇಲೆ ಹತ್ತಿದ. ಯಾರೋ ಹೊರಗೆ ಹೋಗಿ ಲಾರಿಯ ಹಾರ್ನು ಒತ್ತಿ ಹಿಡಿದರು. ಲೋವೆಲ್ ಮಾತ್ರ ಸೌಟು ಹಿಡಿದು ಹಾಗೆಯೇ ನಿಂತಿದ್ದ, ಮೀನು ಕರಕಲಾಗುತ್ತಿತ್ತು. ಅವನ ಕೈಯಲ್ಲಿ ಮೀನು ಸೀದದ್ದು ಅದೊಂದೇ ದಿನ. ಆ ಸೀದ ಮೀನನ್ನು ನಾವು ಒಂದು ಮುಳ್ಳೂ ಬಿಡದೆ ತಿಂದೆವು. ಅಲ್ಲೇ ಕೈಯೆತ್ತಿಸಿ ಅವನನ್ನು ಸದಸ್ಯ ಮಾಡಿಕೊಂಡೆವು. ಜೆನೀವಾ ತನ್ನ ಟೋಪಿಯನ್ನೇ ಅವನ ತಲೆಗಿಟ್ಟಳು. ಕುಂಬಳಕಾಯಿಯ ಮೇಲೆ ಬಟ್ಟಲು ಮಗುಚಿದಂತೆ ಕಂಡಿತು.

ಗದ್ದಲ ಸ್ವಲ್ಪ ಇಳಿದ ಮೇಲೆ, ಗೆದ್ದವನನ್ನು ಹಾಗೇ ಬಿಡಬಾರದೆಂದು ನಾನು ಬಿಯರ್ ಎತ್ತಿಕೊಂಡು ಹತ್ತಿರ ಹೋದೆ.

“ಎಲ್ಲ ಸರಿ ಕಣಯ್ಯ ಲೋವೆಲ್. ಆದ್ರೆ ನೀನು ಶುದ್ಧ ದಡ್ಡ. ಕೈಯಲ್ಲಿ ಅಷ್ಟು ಗಟ್ಟಿಮುಟ್ಟಾದ ಹೇಸರಗತ್ತೆ ಇಟ್ಕೊಂಡು, ಕಾನ್ಸಾಸಿಂದ ಇಲ್ಲೀವರೆಗೆ ಕಾಲು ಸವೆಸ್ಕೊಂಡು ನಡೆದ್ಯಲ್ಲೋ. ಬೆನ್ನ ಮೇಲೆ ಹತ್ತಿ ಕೂತು ಜುಮ್ಮಂತ ಬರೋದಲ್ವಾ?”

ಲೋವೆಲ್ ಟೋಪಿ ಸರಿಮಾಡಿಕೊಂಡು ನನ್ನನ್ನು ಮೇಲಿಂದ ಕೆಳಗೆ ನೋಡಿದ.

“ಮೇಲಧಿಕಾರಿ ಬೆನ್ನ ಮೇಲೆ ಸವಾರಿ ಮಾಡಿದ್ದಿದ್ರೆ ಮಿಸ್ಟರ್ ವರ್ಜಿಲ್, ನನ್ನ ವಿರುದ್ಧ ಆ ಐದನೇ ಮತ ಹಾಕಿದೋರು ಹೇಳಿದ್ದೇ ಸರಿ ಅಂತ ನಾನೇ ಸಹಿ ಹಾಕಿಕೊಡ್ತಿದ್ದೆ.”