ದೊಡ್ಡವ್ವನ ಬರಿಗೊರಳು

ನೀರು ತಾಗಿದ ವಿಭೂತಿಯ ವಾಸನೆ ಎಲ್ಲಿ ಬಂದರೂ ನನಗೆ ಗಂಗಾವತಿಯ ನಮ್ಮ ಮನೆ ನೆನಪಾಗುತ್ತದೆ. ಬೆಳಗಿನ ಅಡುಗೆಮನೆ, ಒಲೆಯ ಮುಂದಿನ ಮಣೆ, ಅದರ ಮೇಲೆ ಎಡಗೈಯಲ್ಲಿ ಇಷ್ಟಲಿಂಗ ಹಿಡಿದು ಕೂತ ದೊಡ್ಡವ್ವ. ಅಪ್ಪನ ಅಣ್ಣನ ಹೆಂಡತಿ ಆಕೆ. ಚಿಕ್ಕ ವಯಸ್ಸಿಗೇ ಗಂಡ ಹೋಗಿದ್ದ, ಮಕ್ಕಳಿರಲಿಲ್ಲ. ತಾಳಿ ಹೋದ ಕೊರಳಲ್ಲಿ ಉಳಿದದ್ದು ಲಿಂಗದ ಶಿವದಾರವೊಂದೇ. ಪೂಜೆ ಮುಗಿಯುವವರೆಗೆ ಗುಟುಕು ನೀರೂ ಕುಡಿಯದವಳು, ಮುಗಿದ ಕೂಡಲೇ ಇಡೀ ಮನೆಯನ್ನು ಬೈಯಲು ಶುರು ಮಾಡುತ್ತಿದ್ದಳು. ಆ ಬೈಗುಳ ಕಿವಿಗೆ ಬೀಳದೆ ನಮಗೆ ಬೆಳಗಾಗುತ್ತಿರಲಿಲ್ಲ. ನಿಮ್ಮ ಮನೆಯಲ್ಲೂ ಅಂಥವರೊಬ್ಬರು ಇದ್ದಿರಬೇಕು. ಇದ್ದರೆ ನನ್ನ ಸಂಕಟ ನಿಮಗೆ ತಿಳಿದೀತು.

ನಿಜಾಮರ ಆಳಿಕೆಯ ಕೊನೆಯ ವರ್ಷಗಳಲ್ಲಿ ಒಂದು ಮಳೆಗಾಲ ತುಂಗಭದ್ರೆ ದಂಡೆ ಮೀರಿ ಹರಿಯಿತು. ಹೊಳೆಸಾಲಿನ ಮಣ್ಣಿನ ಮನೆಗಳು ಕರಗಿಹೋದವು. ಬದುಕಿ ಉಳಿದವರನ್ನು ಮಠದ ಪಡಸಾಲೆಗೆ ತಂದರು. "ಅವರು ಉಣ್ಣೂತನಾ ನೀವು ಯಾರೂ ಉಣಬ್ಯಾಡ್ರಿ" ಎಂದು ಭಕ್ತರಿಗೆ ಹೇಳಿ, ಮಠದ ಅಯ್ಯನವರು ಜೋಳದ ಗಾಡಿ ಹೊಡೆಸಿಕೊಂಡು ಮರಳಿ ಎಂಬ ಹಳ್ಳಿಯ ಕಡೆ ಹೋದರು. ದೊಡ್ಡವ್ವ ರೊಟ್ಟಿಯ ಬುಟ್ಟಿ ಹೊತ್ತು ಮಠಕ್ಕೆ ಹೊರಟಳು. ಮಜ್ಜಿಗೆಯ ತಂಬಿಗೆ ಹಿಡಿದು ಅವಳ ಹಿಂದೆ ನಾನು.

ಅಲ್ಲಿ ಕಂಬಕ್ಕೆ ಮುಖ ಮಾಡಿ ಈರವ್ವ ಎಂಬವಳು ಕೂತಿದ್ದಳು. ತೊಡೆಯ ಮೇಲಿನ ಹಸುಗೂಸಿನ ದನಿಯೇ ಅತ್ತು ಅತ್ತು ಸೋತಿತ್ತು. ರೊಟ್ಟಿ ಕೊಟ್ಟರೆ ಅವಳು ಮುಟ್ಟಲಿಲ್ಲ.

"ಕೊಳ್ಳಾಗಿನ ಲಿಂಗ ಹೊಳಿ ಪಾಲಾತ್ರಿ ಯವ್ವಾ. ಪೂಜಿ ಇಲ್ಲದ ಹೆಂಗ ಉಣ್ಲಿ?"

"ಕೂಸಿಗೆ ಹಾಲು?"

"ಬತ್ಯಾವ್ರಿ."

ಪಕ್ಕದಲ್ಲಿದ್ದ ಹಿರಿಯರೊಬ್ಬರು ಗಂಟಲು ಸರಿಮಾಡಿಕೊಂಡರು. "ಅಯ್ಯಾರು ಬಂದು ಬ್ಯಾರೆ ಲಿಂಗ ಕೊಡೂತನಾ ಏನೂ ಮಾಡಾಕ ಬರಂಗಿಲ್ಲ. ಹಂಗ ನೋಡಿದ್ರ, ಲಿಂಗ ಹೋದ್ರ ಪ್ರಾಣಾನೂ ಹೋಗಬೇಕಂತೈತಿ."

ದಾರಿಗಳೆಲ್ಲ ನೀರಿನಲ್ಲಿದ್ದವು. ಅಯ್ಯನವರು ಯಾವಾಗ ಬರುತ್ತಾರೆಂದು ಯಾರಿಗೂ ಗೊತ್ತಿರಲಿಲ್ಲ.

"ಕೂಸಿನ ಪ್ರಾಣ ಯಾಕ ಹೋಗಬೇಕ್ರಿ? ಅದೇನು ಕಳಕೊಂಡೈತಿ?" ಎಂದಳು ದೊಡ್ಡವ್ವ. ಹಿರಿಯರು ಮುಖ ಆಚೆ ತಿರುಗಿಸಿದರು. ಅವಳು ಈರವ್ವನ ಪಕ್ಕ ಕೂತು, ಸೆರಗು ಮುಂದೆಳೆದುಕೊಂಡು, ಕೊರಳಿನ ಶಿವದಾರ ತೆಗೆದಳು. ತನ್ನ ಲಿಂಗವನ್ನು ಅವಳ ಅಂಗೈಯಲ್ಲಿಟ್ಟಳು.

"ಹಿಡಿ. ಪೂಜಿ ಮಾಡ್ಕೊ, ಉಣ್ಣು."

"ನಿಮ್ಮ ಗತಿ ಏನ್ರಿ ಯವ್ವಾ?"

"ನನ್ನ ಎದಿ ಕುಡಿಯಾವ್ರು ಯಾರದಾರ? ಸುಮ್ನ ಉಣ್ಣು."

ಈರವ್ವ ಅಳುತ್ತಲೇ ಪೂಜೆ ಮಾಡಿದಳು, ಉಂಡಳು. ಮರುದಿನ ಕೂಸು ಹಾಲು ಕುಡಿಯಿತು.

ಅಯ್ಯನವರು ಬರುವತನಕ ದೊಡ್ಡವ್ವ ನೀರನ್ನೂ ಮುಟ್ಟಲಿಲ್ಲ. ಅವಳ ಕೈ ಗಳಿಗೆಗೊಮ್ಮೆ ಎದೆಗೆ ಹೋಗಿ, ಏನೂ ಸಿಗದೆ, ಸುಮ್ಮನೆ ಕೆಳಗಿಳಿಯುತ್ತಿತ್ತು. ಬಂದ ಅಯ್ಯನವರು ಅವಳಿಗೆ ಬೇರೆ ಲಿಂಗ ಕಟ್ಟಿದರು, ಕೊಟ್ಟದ್ದನ್ನು ದೊಡ್ಡವ್ವ ತಿರುಗಿ ಕೇಳಲಿಲ್ಲ. ಎಲ್ಲ ಮುಗಿಯಿತೆಂದು ನಾವು ತಿಳಿದೆವು. ಆದರೆ ಅಪ್ಪನ ಅಪ್ಪ, ನಮ್ಮ ಅಜ್ಜ, ಮನೆಯ ಪಡಸಾಲೆಯಲ್ಲಿ ಕೂತು ಹೇಳಿದರು: "ಲಿಂಗ ಬಿಟ್ಟು ಇದ್ದಾಕಿ ಕೈ ಅಡಿಗಿ ಈ ಮನ್ಯಾಗ ಬ್ಯಾಡ." ಅಪ್ಪ ನೆಲ ನೋಡಿದ. ಅವ್ವ ಸೆರಗು ಕಚ್ಚಿಕೊಂಡಳು. ಮಠದಲ್ಲಿ ಹಿರಿಯರ ಬಾಯಿ ಮುಚ್ಚಿಸಿದ ದೊಡ್ಡವ್ವ ಮಾವನ ಮುಂದೆ ತುಟಿ ಬಿಚ್ಚಲಿಲ್ಲ. ಅಂದಿನಿಂದ ಅವಳು ಪಡಸಾಲೆಯ ಮೂಲೆಯಲ್ಲೇ ಪೂಜೆ ಮಾಡಿ, ಅಲ್ಲೇ ಜೋಳ ಹಸನು ಮಾಡುತ್ತ ಕೂತಳು. ಬೆಳಗಿನ ಬೈಗುಳ ನಿಂತುಹೋಯಿತು. ಹೊಳೆ ಅವಳದೇನನ್ನೂ ಒಯ್ದಿರಲಿಲ್ಲ, ಒಯ್ದವರು ನಾವು!

ಕೆಲವು ವರ್ಷಗಳಲ್ಲಿ ಅವಳು ತೀರಿಕೊಂಡಳು. ಅಯ್ಯನವರು ಕೊಟ್ಟ ಲಿಂಗವನ್ನು ಎಡಗೈಯಲ್ಲಿಟ್ಟು ಮಣ್ಣು ಮಾಡಿದೆವು. ಸುದ್ದಿ ತಡವಾಗಿ ಮುಟ್ಟಿ ಈರವ್ವ ಬಂದಳು, ಜೊತೆಗೆ ಓಡಾಡುವಷ್ಟಾದ ಮಗ. ಹೊಸ್ತಿಲಾಚೆಯೇ ನಿಂತಳು.

"ಯಾರವ್ವಾ ನೀ?" ಎಂದರು ಅಜ್ಜ.

ಅವಳು ಸೆರಗಿನೊಳಗಿಂದ ಲಿಂಗ ತೆಗೆದು ತೋರಿಸಿದಳು. "ಇದು ದೊಡ್ಡವ್ವಾರ ಕೊಳ್ಳಾಗಿಂದ್ರಿ. ದಿನಾ ಇದನ್ನ ಪೂಜಿ ಮಾಡೇ ಉಣ್ತೀನ್ರಿ. ಇವತ್ತ ಇಲ್ಲೇ ಮಾಡ್ಲೇನ್ರಿ?"

ಅವ್ವ ಅಜ್ಜನ ಮುಖ ನೋಡದೆ ಈರವ್ವನ ಕೈ ಹಿಡಿದು ಒಳಗೆ ಕರೆದೊಯ್ದಳು. ಒಲೆಯ ಮುಂದೆ ದೊಡ್ಡವ್ವನ ಮಣೆ ಹಾಕಿದಳು. ಈರವ್ವ ವಿಭೂತಿಗೆ ನೀರು ಹಾಕಿದಳು. ಅಡುಗೆಮನೆಯ ತುಂಬ ಆ ವಾಸನೆ. ಪೂಜೆ ಮುಗಿಯಿತು. ನಾನು ಬೈಗುಳಕ್ಕೆ ಕಾದು ನಿಂತೆ.