ನೋವು ಇಳಿದ ಬಗೆ

ಅಣ್ಣನಿಗೆ ಸೊಂಟದಿಂದ ಎಡಗಾಲಿನ ಮೀನಖಂಡದವರೆಗೆ ನರ ಹಿಡಿದುಕೊಂಡಾಗ ಅವನ ಚಿಂತೆಯೆಲ್ಲ ಕ್ಲಚ್ಚಿನದೇ. ಅವನು ಸಿಟಿ ಬಸ್ಸಿನ ಡ್ರೈವರ್. ಅದೇ ಡಿಪೋದಲ್ಲಿ ನಾನು ಕಂಡಕ್ಟರ್. ಎಡಗಾಲು ಹೋದರೆ ಸ್ಟಿಯರಿಂಗೂ ಹೋದಂತೆ. ಅದೊಂದನ್ನು ಬಿಟ್ಟು ಅವನಿಗೆ ಬೇರೇನೂ ಬರುತ್ತಿರಲಿಲ್ಲ, ಮನೆಯಲ್ಲಿ ಗ್ಯಾಸ್ ಹಚ್ಚಲೂ.

ಮೊದಲು ಹೋದದ್ದು ಒಬ್ಬ ಸಿಡುಕು ಫಿಸಿಯೋಥೆರಪಿಸ್ಟ್ ಹತ್ತಿರ. ಬೋರಲು ಮಲಗಿಸಿ, ಅಂಗೈ ಊರಿ ಎದೆಯನ್ನಷ್ಟೇ ಮೇಲೆತ್ತಲು ಹೇಳಿದ. ವಾರದೊಳಗೆ ಕಾಲು ಹಗುರಾಯಿತು, ಸೊಂಟ ಮಾತ್ರ ಕಿತ್ತುಬರುವಂತಾಯಿತು.

"ನೋವು ಏರಿದೆ ಸಾರ್," ಎಂದ ಅಣ್ಣ.

"ಏರ್ಲಿ ಬಿಡಿ, ಒಳ್ಳೇದು," ಎಂದು ಆ ಮನುಷ್ಯ ಮುಂದಿನವರನ್ನು ಕರೆದ. ಕಾಲಿನ ನೋವು ಸೊಂಟದ ಕಡೆಗೆ ಸರಿದರೆ ನರ ಬಿಡಿಸಿಕೊಳ್ಳುತ್ತಿದೆ ಎಂದರ್ಥ. ಅಷ್ಟನ್ನು ಬಾಯಿಬಿಟ್ಟು ಹೇಳಿದ್ದರೆ ಅವನ ಗಂಟೇನು ಹೋಗುತ್ತಿತ್ತು?

"ನೋವು ಏರಿದ್ರೆ ಒಳ್ಳೇದಂತೆ! ಅವನ ಸೊಂಟಕ್ಕೆ ಬರ್ಬೇಕು, ಆಗ ಗೊತ್ತಾಗುತ್ತೆ," ಎಂದು ಮನೆಗೆ ಬಂದು ಕುದಿದ ಅಣ್ಣ ಮತ್ತೆ ಅತ್ತ ತಲೆಹಾಕಲಿಲ್ಲ.

ಎರಡನೆಯ ಕಡೆ ನಗುಮುಖದ ಹುಡುಗಿ. ಅಂಗಾತ ಮಲಗಿಸಿ ಮೊಣಕಾಲನ್ನು ಎದೆಗೆ ಒತ್ತಿಸುತ್ತಿದ್ದಳು; ಆಮೇಲೆ ಸೊಂಟಕ್ಕೆ ಬೆಲ್ಟ್ ಬಿಗಿದು ಮೆಷಿನ್ನಿನಿಂದ ಎಳೆಸುತ್ತಿದ್ದಳು. ಸೊಂಟಕ್ಕೇನೋ ಹಿತವಾಯಿತು. ನೋವು ಮೀನಖಂಡ ದಾಟಿ ಹಿಮ್ಮಡಿಗೆ, ಅಲ್ಲಿಂದ ಕಿರುಬೆರಳಿಗೆ ಹೋಯಿತು.

"ಅಂಕಲ್, ನೋವು ಇಳೀತಾ?"

"ಇಳೀತಮ್ಮ, ಚೆನ್ನಾಗಿ ಇಳಿದಿದೆ."

ಅವಳು ಖುಷಿಯಿಂದ ಬೆಲ್ಟನ್ನು ಇನ್ನಷ್ಟು ಬಿಗಿದಳು. ಎಲ್ಲಿಗೆ ಇಳಿಯಿತು ಎಂದು ಕೇಳಲೇ ಇಲ್ಲ. ಆ ಒಂದು ಮಾತು ಕೇಳದಿದ್ದಕ್ಕೆ ಅವಳನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

"ಇನ್ನೇನು, ಬೆರಳಿಂದ ಹೊರಗೇ ಹೋಗ್ಬಿಡುತ್ತೆ ಕಣೋ," ಎಂದು ಅಣ್ಣ ನನ್ನ ಮುಂದೆ ಬೀಗಿದ. ಕೊನೆಗೆ ನೋವೇ ಇಲ್ಲವಾಯಿತು. ಎಡಗಾಲಿನ ಚಪ್ಪಲಿ ಕಳಚಿಬಿದ್ದದ್ದೂ ತಿಳಿಯದೆ ಬೀದಿಯುದ್ದಕ್ಕೂ ನಡೆದು ಬಂದಾಗ ಅತ್ತಿಗೆ ನಕ್ಕಳು, ಅವನೂ ನಕ್ಕ.

ರಜೆ ಮುಗಿಸಿ ಡ್ಯೂಟಿಗೆ ಬಂದ ದಿನ ಡಿಪೋ ಮ್ಯಾನೇಜರ್ ಅವನನ್ನು ಖಾಲಿ ಬಸ್ಸಿಗೆ ಹತ್ತಿಸಿ ಪಕ್ಕದಲ್ಲಿ ನಿಂತರು. ನಾನು ಬಾಗಿಲಲ್ಲಿದ್ದೆ. ಅಣ್ಣ ಮದುಮಗನ ಹಾಗೆ ಶೇವ್ ಮಾಡಿಕೊಂಡು ಬಂದಿದ್ದ.

"ನೋವಿದೆಯೇನ್ರೀ?"

"ಒಂಚೂರೂ ಇಲ್ಲ ಸಾರ್."

"ಸರಿ, ಗೇರ್ ಹಾಕಿ."

ಗೇರು ಕರಕರ ಎಂದಿತು. ಮತ್ತೆ ಹಾಕಿದ, ಮತ್ತೆ ಕರಕರ.

"ರೀ, ಕ್ಲಚ್ ಒತ್ರೀ."

"ಒತ್ತಿದೀನಿ ಸಾರ್," ಎಂದ ಅಣ್ಣ, ಕನ್ನಡಿ ನೋಡುತ್ತಾ.

ಮ್ಯಾನೇಜರ್ ಬಗ್ಗಿ ನೋಡಿದರು. ನಾನೂ ನೋಡಿದೆ. ಅವನ ಪಾದ ಪೆಡಲ್ಲಿನ ಪಕ್ಕದಲ್ಲಿ, ಬರೀ ನೆಲದ ಮೇಲಿತ್ತು.